ಬರಿಗಾಲಲ್ಲಿ ಕೊಂಡ ಕ್ಯಾರವಾನ್

ಮೊನ್ನೆ ಅಡುಗೆಮನೆಯ ಡ್ರಾಯರಿನಲ್ಲಿ ಲಟ್ಟಣಿಗೆ ಹುಡುಕುತ್ತಿದ್ದಾಗ ಬೆರಳಿಗೆ ಏನೋ ಚುಚ್ಚಿತು. ತೆಗೆದು ನೋಡಿದರೆ ತೇವ ಅಳೆಯುವ ಮೀಟರು. ಟಿವಿ ರಿಮೋಟಿನಷ್ಟು ಗಾತ್ರ, ತುದಿಯಲ್ಲಿ ಎರಡು ಸೂಜಿ. ಗೋಡೆಗೋ ಹಲಗೆಗೋ ಚುಚ್ಚಿದರೆ ಅದು ಒಳಗೊಳಗೇ ನೀರು ಕುಡಿದಿದೆಯೋ ಇಲ್ಲವೋ ಹೇಳುತ್ತದೆ. ಐವತ್ತು ಡಾಲರ್ ಕೊಟ್ಟು ತಂದದ್ದು. ಈವರೆಗೆ ಅದನ್ನು ಬಳಸಿದ್ದು ಎರಡೇ ಸಲ. ಒಮ್ಮೆ ನನ್ನ ಮಗಳು ದಿಯಾ ನಾನು ಮಾಡಿದ ಮೈಸೂರುಪಾಕಿಗೆ ಚುಚ್ಚಿ ನೋಡಿದಳು. ಮೀಟರು ಪೂರ್ತಿ ಒಣಗಿದೆ ಎಂದಿತು. ಅದನ್ನು ಹೇಳಲು ಐವತ್ತು ಡಾಲರಿನ ಯಂತ್ರ ಬೇಕಿರಲಿಲ್ಲ, ತಿಂದವರ ಮುಖ ನೋಡಿದ್ದರೆ ಸಾಕಿತ್ತು. ಇನ್ನೊಮ್ಮೆ ಬಳಸಿದ್ದು ನಮ್ಮ ಮೊದಲ ಕ್ಯಾರವಾನ್, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಗಾಲಿಯ ಮನೆ, ಕೊಳ್ಳಲು ಹೋದಾಗ. ಲಟ್ಟಣಿಗೆ ಸಿಗುವವರೆಗೆ ಆ ಕಥೆ ಹೇಳಿಬಿಡುತ್ತೇನೆ.

ನಾವಿರುವುದು ಬ್ರಿಸ್ಬೇನಿನ ಫಾರೆಸ್ಟ್ ಲೇಕ್‌ನಲ್ಲಿ. ಹೆಸರಿನಲ್ಲಿರುವ ಕೆರೆ ಮನುಷ್ಯರು ತೋಡಿದ್ದು. ಕಾಡು ಎಲ್ಲಿದೆಯೆಂದು ಹನ್ನೊಂದು ವರ್ಷದಿಂದ ನೋಡುತ್ತಲೇ ಇದ್ದೇನೆ. ನನ್ನ ಗಂಡ ರಘು ಸಾಫ್ಟ್‌ವೇರಿನವನು, ಬಹಳ ಒಳ್ಳೆಯವನು, ಚೌಕಾಸಿಯ ವಿಷಯದಲ್ಲಿ ಮಾತ್ರ ಬಾಯಿ ಸತ್ತವನು. ಮೈಸೂರಿನಲ್ಲಿ ಆಟೋದವನು ನಲವತ್ತು ಕೇಳಿದರೆ ಐವತ್ತು ಕೊಟ್ಟು ಥ್ಯಾಂಕ್ಸ್ ಹೇಳುವ ಪೈಕಿ. ಇಲ್ಲಿಗೆ ಬಂದಮೇಲೆ ಕಾರು, ಸೋಫಾ, ಹುಲ್ಲು ಕತ್ತರಿಸುವ ಮಷೀನು, ಎಲ್ಲವನ್ನೂ ಚೀಟಿಯಲ್ಲಿ ಬರೆದ ಬೆಲೆಗೇ ಕೊಂಡು, ಆಮೇಲೆ ಅದೇ ವಸ್ತುವನ್ನು ಸ್ನೇಹಿತರು ಎಷ್ಟಕ್ಕೆ ಕೊಂಡರೆಂದು ಕೇಳಿ ಎರಡು ದಿನ ಊಟ ಬಿಡುತ್ತಾನೆ.

ನಾನು ಹಾಗಲ್ಲ. ನಾನು ಕಲಿತದ್ದು ಪಾತ್ರೆಯವಳ ಹತ್ತಿರ. ಚಿಕ್ಕವಳಿದ್ದಾಗ ಮೈಸೂರಿನ ನಮ್ಮ ವಠಾರಕ್ಕೆ ತಿಂಗಳಿಗೊಮ್ಮೆ ಬುಟ್ಟಿ ತುಂಬ ಸ್ಟೀಲ್ ಪಾತ್ರೆ ಹೊತ್ತು ಒಬ್ಬಾಕೆ ಬರುತ್ತಿದ್ದಳು. ದುಡ್ಡಿನ ಮಾತೇ ಇಲ್ಲ, ಹಳೇ ಬಟ್ಟೆಗೆ ಪಾತ್ರೆ. ಅಮ್ಮ ಅಪ್ಪನ ಎರಡು ಖಾಕಿ ಪ್ಯಾಂಟು, ತನ್ನದೊಂದು ಜರಿ ಸವೆದ ಸೀರೆ ತಂದು ಜಗಲಿಯ ಮೇಲೆ ಇಡುತ್ತಿದ್ದಳು. ಪಾತ್ರೆಯವಳು ಪ್ಯಾಂಟನ್ನು ಬಿಸಿಲಿಗೆ ಹಿಡಿದು, "ಇದೇನವ್ವ, ಜರಡಿ ಕೊಡ್ತಿದೀಯ?" ಎನ್ನುವಳು. ಅಮ್ಮ ಡಬರಿಯನ್ನು ಬೆರಳಲ್ಲಿ ತಟ್ಟಿ, "ಇದನ್ನೇನು ಕಾಗದದಲ್ಲಿ ಮಾಡಿದಾರಾ?" ಎನ್ನುವಳು. ಅಲ್ಲಿಂದ ಒಂದು ಗಂಟೆ. ಅಷ್ಟರಲ್ಲಿ ಪಾತ್ರೆಯವಳು ಮೂರು ಸಲ ಬುಟ್ಟಿ ಹೊತ್ತು ಹೊರಟೇಹೋಗುವಳು, ಅಮ್ಮ ಎರಡು ಸಲ ಬಾಗಿಲು ಹಾಕಿಕೊಳ್ಳುವಳು, ಮಧ್ಯದಲ್ಲಿ ಒಂದು ಸಲ ಇಬ್ಬರೂ ಕೂತು ಕಾಫಿ ಕುಡಿಯುವರು. ನನಗೂ ಒಂದು ಕೆಲಸವಿತ್ತು. ಮಾತು ಬಿಸಿಯೇರಿದಾಗ ಅಮ್ಮನ ಸೆರಗು ಜಗ್ಗಿ, "ಬೇಡ ಬಾಮ್ಮ, ನಮ್ಮನೇಲಿ ಇದೆಯಲ್ಲ" ಎನ್ನಬೇಕು. ಅದನ್ನು ಎಷ್ಟು ಚೆನ್ನಾಗಿ ಹೇಳುತ್ತಿದ್ದೆನೆಂದರೆ ಒಮ್ಮೆ ಪಾತ್ರೆಯವಳು ನನ್ನ ಕೈಗೇ ಒಂದು ಪುಟ್ಟ ಲೋಟ ಕೊಟ್ಟು, "ನೀನು ಸುಮ್ನಿರು ತಾಯಿ" ಎಂದಳು. ಲಂಚ ತೆಗೆದುಕೊಂಡದ್ದು ಅದೇ ಮೊದಲು, ಅದೇ ಕೊನೆ.

ಕ್ಯಾರವಾನಿನ ಯೋಚನೆ ಬಂದದ್ದು ಅಪ್ಪನಿಂದ. ಅಪ್ಪ ಸರ್ಕಾರಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಮೂವತ್ತೈದು ವರ್ಷ ಬಸ್ಸುಗಳ ಕೆಳಗೆ ಮಲಗಿ ಕೆಲಸ ಮಾಡಿದರು. ಧರ್ಮಸ್ಥಳದ ಬಸ್ಸು, ಊಟಿಯ ಬಸ್ಸು, ಮಂತ್ರಾಲಯದ ಬಸ್ಸು, ಎಲ್ಲವನ್ನೂ ಸರಿಮಾಡಿ ಕಳಿಸಿದರು, ತಾವು ಒಂದನ್ನೂ ಹತ್ತಲಿಲ್ಲ. ನಮಗೆ ಶಾಲೆಗೆ ರಜಾ ಬಂದಾಗಲೇ ಊರಿನವರೆಲ್ಲ ಟೂರು ಹೊರಡುವುದು, ಆಗಲೇ ಡಿಪೋದಲ್ಲಿ ಕೆಲಸ ಜಾಸ್ತಿ. "ಮುಂದಿನ್ ವರ್ಷ ಹೋಗೋಣ" ಎಂಬುದು ನಮ್ಮ ಮನೆಯಲ್ಲಿ ಊಟಿಗೆ ಇನ್ನೊಂದು ಹೆಸರಾಗಿತ್ತು. ಹೋದ ವರ್ಷ ನನ್ನ ತಮ್ಮನಿಗೆ ಮಗುವಾಗಿ, ಅಮ್ಮ ಸೊಸೆಯ ಬಾಣಂತನಕ್ಕೆ ನಿಂತಳು. ಅಪ್ಪ ಒಬ್ಬರೇ ಮೂರು ತಿಂಗಳಿಗೆಂದು ನಮ್ಮ ಮನೆಗೆ ಬಂದರು. ಈ ಸಲವಾದರೂ ಅವರನ್ನು ಊರೂರು ಸುತ್ತಿಸಿಯೇ ಕಳಿಸಬೇಕೆಂದು ನಾನು ಹಠ ಹಿಡಿದೆ.

ಮೊದಲ ಪ್ರಯತ್ನಕ್ಕೆ ಗೋಲ್ಡ್ ಕೋಸ್ಟಿನ ಮೋಟೆಲ್ಲೊಂದರಲ್ಲಿ ಎರಡು ದಿನ ಉಳಿದೆವು. ಅಪ್ಪನಿಗೆ ಮಧ್ಯಾಹ್ನ ಅನ್ನ ಸಾರು ಇಲ್ಲದಿದ್ದರೆ ಆಗುವುದಿಲ್ಲ. ಸಣ್ಣ ಕರೆಂಟ್ ಒಲೆ ಒಯ್ದಿದ್ದೆ. ಸಾರು ಚೆನ್ನಾಗಿಯೇ ಕುದಿಯಿತು. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದ್ದೇ ತಡ, ಸೂರಿನಲ್ಲಿದ್ದ ಹೊಗೆಯ ಅಲಾರಂ ಬಾಯಿಬಾಯಿ ಬಡಿದುಕೊಂಡಿತು. ಹತ್ತು ನಿಮಿಷದಲ್ಲಿ ಮೋಟೆಲ್ಲಿನ ಜನರೆಲ್ಲ ಹುಲ್ಲಿನ ಮೇಲೆ. ಕೆಲವರು ಟವೆಲ್ಲಿನಲ್ಲಿ, ಅಪ್ಪ ಒಗ್ಗರಣೆ ಸೌಟಿನೊಂದಿಗೆ. ಎಲ್ಲರೂ ನಗುತ್ತಲೇ ಇದ್ದರು, ಒಬ್ಬಾಕೆ ಘಮಘಮ ಎನ್ನುತ್ತಿದೆ ಎಂದೂ ಅಂದಳು. ಆದರೆ ಅಪ್ಪ ಆಮೇಲೆ ಅಲ್ಲಿದ್ದಷ್ಟು ಹೊತ್ತೂ ಬ್ರೆಡ್ಡು ತಿಂದುಕೊಂಡು, "ನನ್ನಿಂದ ನಿಮಗೆಲ್ಲಾ ತೊಂದ್ರೆ ಕಣಮ್ಮ, ಮನೇಲೇ ಇರ್ತೀನಿ" ಎಂದರು. ಅಡುಗೆಮನೆಯನ್ನು ಬಿಟ್ಟು ಹೋಗಲಾಗದಿದ್ದರೆ ಅದನ್ನೇ ಹಿಂದೆ ಕಟ್ಟಿಕೊಂಡು ಹೋಗೋಣ ಎಂದುಕೊಂಡೆ.

ಲೆಕ್ಕ ಹಾಕಿದೆವು. ಅಪ್ಪ ಹೊರಡಲು ಐದು ವಾರ, ದಿಯಾಳ ಶಾಲೆಗೆ ರಜಾ ಬರಲು ಮೂರು ವಾರ. ರಘು ರಾತ್ರಿಯೆಲ್ಲ ಕಂಪ್ಯೂಟರಿನ ಮುಂದೆ ಕೂತು ಯಾವ ಕ್ಯಾರವಾನ್ ಎಷ್ಟಕ್ಕೆ ಹೋಗುತ್ತಿದೆ ಎಂದು ಪಟ್ಟಿ ಮಾಡಿದ. ಕೊನೆಗೆ, "ಇಪ್ಪತ್ತು ಸಾವಿರ ಡಾಲರ್. ಅದರ ಮೇಲೆ ಒಂದು ಡಾಲರೂ ನಮ್ಮ ಹತ್ರ ಇಲ್ಲ" ಎಂದ. ಬೆಲೆ ಮಾತಾಡುವ ಜವಾಬ್ದಾರಿ ನನ್ನದೆಂದು ನಾನು ಘೋಷಿಸಿದೆ.

ಮೊದಲು ಕ್ಯಾರವಾನ್ ಮಾರುವ ಒಂದು ದೊಡ್ಡ ಯಾರ್ಡಿಗೆ ಹೋದೆವು. ಸಾಲಾಗಿ ಮದುವೆ ಛತ್ರದ ಕುರ್ಚಿಗಳಂತೆ ನಿಂತಿದ್ದ ಬಿಳೀ ಕ್ಯಾರವಾನುಗಳು. ಅಗಲ ಟೋಪಿಯ ಯುವಕನೊಬ್ಬ ಬಂದು ಒಂದನ್ನು ತೋರಿಸಿ ಇಪ್ಪತ್ತೇಳು ಸಾವಿರ ಎಂದ. ನಾನು ತಡಮಾಡದೆ ಹದಿನೈದು ಎಂದೆ. ಅವನು ನಾನು ಜೋಕು ಹೇಳಿದೆನೆಂದುಕೊಂಡು ಮನಸಾರೆ ನಕ್ಕ. ಲಾಸ್ಟ್ ಪ್ರೈಸ್ ಎಷ್ಟು ಎಂದೆ. ಚೀಟಿಯಲ್ಲಿ ಇದೆಯಲ್ಲ ಎಂದ. ಸರಿ, ಇನ್ನು ಬ್ರಹ್ಮಾಸ್ತ್ರವೇ ಗತಿ ಎಂದುಕೊಂಡು, "ಬನ್ನಿ ಹೋಗೋಣ, ಬೇರೆ ಕಡೆ ನೋಡೋಣ" ಎಂದು ಗಟ್ಟಿಯಾಗಿ ಕನ್ನಡದಲ್ಲೇ ಹೇಳಿ ಗೇಟಿನ ಕಡೆ ಹೊರಟೆ. ಹೀಗೆ ಹೊರಡುವಾಗ ನಡೆಯುವ ಒಂದು ಕ್ರಮವಿದೆ. ಬೇಗ ಹೋಗಬಾರದು, ಕರೆದರೆ ಕೇಳಿಸಬೇಕು. ನಿಲ್ಲಲೂಬಾರದು, ಆಸೆ ಗೊತ್ತಾಗುತ್ತದೆ. ಟೋಪಿಯವನು ಹಿಂದಿನಿಂದ ಕರೆದ. ನಾನು ಗೆದ್ದೆ ಎಂದು ತಿರುಗಿದರೆ, "ನೋ ವರೀಸ್, ಹ್ಯಾವ್ ಎ ಗುಡ್ ಆರ್ವೋ" ಎಂದು ಇಲ್ಲಿಯ ಭಾಷೆಯಲ್ಲಿ ಶುಭ ಮಧ್ಯಾಹ್ನ ಹೇಳಿ ಕೈಬೀಸಿ ಒಳಗೆ ಹೋದ. ಗೇಟಿನ ಹತ್ತಿರ ಐದು ನಿಮಿಷ ಚಪ್ಪಲಿ ಸರಿಮಾಡಿಕೊಂಡೆ. ಗಾಜಿನ ಆಚೆ ಅವನು ಪೈ ತಿನ್ನುವುದು ಕಾಣುತ್ತಿತ್ತು. "ಮಮ್, ಹೀ ಈಸ್ ನಾಟ್ ಕಮಿಂಗ್," ಎಂದಳು ದಿಯಾ. ರಘು ಆಗಲೇ ಕಾರಿನಲ್ಲಿ ತಲೆ ತಗ್ಗಿಸಿ ಕೂತಿದ್ದ.

ಅಂದು ಸಂಜೆ ಅಡಿಲೇಡಿನ ವಿಲ್ಸನ್‌ಗೆ ಫೋನು ಮಾಡಿದೆವು. ವಿಲ್ಸನ್ ಉಡುಪಿ ಕಡೆಯವರು, ಗಲ್ಫಿನಲ್ಲಿ ಹತ್ತು ವರ್ಷ ಇದ್ದು, ಆಮೇಲೆ ಪರ್ತ್, ಈಗ ಅಡಿಲೇಡಿನ ಬೆಡ್‌ಫರ್ಡ್ ಪಾರ್ಕಿನ ಆಸ್ಪತ್ರೆಯಲ್ಲಿ ಕೆಲಸ. ನಮಗೆ ಗೊತ್ತಿದ್ದವರಲ್ಲಿ ಸ್ವಂತ ಕ್ಯಾರವಾನ್ ಇದ್ದದ್ದು ಅವರೊಬ್ಬರಿಗೇ. ಟೋಪಿಯವನ ಕಥೆ ಕೇಳಿ ಅವರು ಕೆಮ್ಮು ಬರುವಷ್ಟು ನಕ್ಕರು.

"ಇಲ್ಲಿ ಬಾಯಿಗೆ ರೇಟು ಇಳಿಯುವುದಿಲ್ಲ ಮಾರಾಯ್ರೆ. ಹಾಳಾದ್ದು ತೋರಿಸಿದ್ರೆ ಮಾತ್ರ ಇಳಿಯುವುದು. ನಾನು ಪರ್ತ್‌ನಲ್ಲಿ ಪರದೆ ಚಂದ ಉಂಟು ಅಂತ ತಗೊಂಡೆ. ಅಡಿಲೇಡಿಗೆ ಬರ್ಲಿಕ್ಕೆ ಆ ಮರುಭೂಮಿ ದಾಟುವಾಗ ಗೋಡೆಯೇ ಬಿಟ್ಕೊಂಡು ಬಂತು, ಗೊತ್ತುಂಟಾ? ಒಳಗೆ ಪೂರಾ ನೀರು ಕುಡಿದು ಕೊಳೆತಿತ್ತು. ನೀವು ಮೊದ್ಲು ನಿಮ್ಮ ಕಾರು ಎಷ್ಟು ತೂಕ ಎಳೀತದೆ ನೋಡಿ, ಮತ್ತೆ ಒಂದು ತೇವದ ಮೀಟರು ತಗೊಳ್ಳಿ. ಯಾರ್ಡು ಬೇಡ, ಮನೆಯವರು ಮಾರುವುದು ನೋಡಿ."

ಹಾಗೆ ಈ ಮೀಟರು ಬಂತು, ಹಾಗೆಯೇ ಮುಂದಿನ ಭಾನುವಾರ ನಾವು ತನ್ನ ಕ್ಯಾರವಾನ್ ಮಾರಲಿಟ್ಟಿದ್ದ ಹೆಲೆನ್ ಎಂಬಾಕೆಯ ಮನೆಗೆ ಹೋದೆವು. ಊರಿನ ಉತ್ತರಕ್ಕೆ, ಸಮುದ್ರದ ಕಡೆ, ಮನೆಯ ಪಕ್ಕದಲ್ಲೇ ನಿಂತಿತ್ತು ಕ್ಯಾರವಾನ್. ಹದಿನೆಂಟು ಅಡಿ, ನಾಲ್ಕು ಜನ ಮಲಗಬಹುದು, ಗ್ಯಾಸ್ ಒಲೆಯ ಮೇಲೆಯೇ ಒಳ್ಳೆ ದೊಡ್ಡ ಕಿಟಕಿ. ಆ ಕಿಟಕಿ ನೋಡಿಯೇ ನನ್ನ ಮನಸ್ಸು ಸೋತಿತು, ಮುಖದಲ್ಲಿ ಮಾತ್ರ ತೋರಿಸಲಿಲ್ಲ. ಕೇಳಿದ್ದ ಬೆಲೆ ಇಪ್ಪತ್ತಮೂರೂವರೆ ಸಾವಿರ. ಹೆಲೆನ್‌ಗೆ ಎಪ್ಪತ್ತರ ಮೇಲೆ, ಮೊಣಕಾಲಿಗೆ ಪಟ್ಟಿ, ಬಾಯಿ ತುಂಬ ಮಾತು. ಗಂಡನೊಂದಿಗೆ ಹನ್ನೆರಡು ವರ್ಷ ದೇಶ ಸುತ್ತಿದ್ದಾಯಿತು, ಈಗ ಅವನಿಗೆ ದೋಣಿಯ ಹುಚ್ಚು ಹಿಡಿದಿದೆ, ಈ ಗಳಿಗೆಯಲ್ಲೂ ಯಾವುದೋ ದೋಣಿ ನೋಡಲು ಹೋಗಿದ್ದಾನೆ, ಆ ದೋಣಿ ಬರುವ ಮೊದಲು ಇದು ಹೋಗಬೇಕು ಎಂದಳು.

ಅಪ್ಪ ಮೊದಲು ಹಳೇ ಪೇಪರು ಹಾಸಿಕೊಂಡು ಕ್ಯಾರವಾನಿನ ಕೆಳಗೆ ನುಸುಳಿದರು. ಹೆಲೆನ್ ಗಾಬರಿಯಾದಳು, ಎಪ್ಪತ್ತೊಂದರ ಮನುಷ್ಯ ಹೀಗೆ ಮಾಯವಾದರೆ ಯಾರಿಗಾದರೂ ಆಗುತ್ತದೆ. ಹತ್ತು ನಿಮಿಷದ ಮೇಲೆ ಹೊರಬಂದು, "ಚಾಸಿ ಗಟ್ಟಿಯಾಗಿದೆ" ಎಂದರು. ಆಮೇಲೆ ನಾವು ನಾಲ್ಕೂ ಜನ ಮೆಟ್ಟಿಲ ಬಳಿ ಚಪ್ಪಲಿ, ಶೂ ಬಿಟ್ಟು ಒಳಗೆ ಹೋದೆವು. ಹಾಗೇ ಬನ್ನಿ, ಪರವಾಗಿಲ್ಲ ಎಂದಳು ಹೆಲೆನ್. ಒಳಗೆ ಒಲೆ ಇರುವ ಕಡೆ ಚಪ್ಪಲಿ ಹಾಕಿಕೊಂಡು ಹೋಗುವುದು ನಮ್ಮ ಕಾಲಿಗೆ ಬರುವುದಿಲ್ಲ ಎಂದು ರಘು ವಿವರಿಸಿದ.

ನಾನು ಡಾಕ್ಟರಂತೆ ಮೀಟರು ಹಿಡಿದು ಗೋಡೆ, ಮೂಲೆ, ಸೂರು, ಕಿಟಕಿಯ ಸುತ್ತ ಎಲ್ಲ ಕಡೆ ಚುಚ್ಚಿದೆ. ಎಲ್ಲಾ ಒಣ. ಇಳಿಸಲು ಒಂದು ನೆಪವೂ ಇಲ್ಲ. ಅಪ್ಪ ಮಾತ್ರ ಏನನ್ನೂ ಮುಟ್ಟದೆ ಅತ್ತಿಂದಿತ್ತ ನಿಧಾನವಾಗಿ ನಡೆಯುತ್ತಿದ್ದರು. ಸಿಂಕಿನ ಎದುರು ನಿಂತರು. ಹಿಂದೆ ಹೋಗಿ ಮತ್ತೆ ಬಂದು ಅಲ್ಲೇ ನಿಂತು, ಹಿಮ್ಮಡಿ ಊರಿದರು.

"ಪುಟ್ಟಿ, ಇಲ್ಲಿ ಕಾಲಿಡು. ಮೆತ್ತಗಿಲ್ವಾ?"

ಇಟ್ಟೆ. ಬಿಸಿ ಇಡ್ಲಿಯಷ್ಟಲ್ಲದಿದ್ದರೂ ಮೆತ್ತಗಿತ್ತು. ಸಿಂಕಿನ ಕೆಳಗಿನ ಬೀರುವಿನ ಹಲಗೆ ಸರಿಸಿ ಟಾರ್ಚು ಬಿಟ್ಟರೆ, ಪೈಪಿನ ಕೀಲಿನಿಂದ ತೊಟತೊಟ ನೀರು, ಕೆಳಗೆ ಕಪ್ಪಗೆ ಕೊಳೆತ ಪ್ಲೈವುಡ್. ಹೆಲೆನ್ ಬಗ್ಗಿ ನೋಡಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಹನ್ನೆರಡು ವರ್ಷ ಚಪ್ಪಲಿ ಹಾಕಿಕೊಂಡೇ ಓಡಾಡಿದೆವು, ಗೊತ್ತೇ ಆಗಲಿಲ್ಲವಲ್ಲ ಎಂದಳು. ಅವಳ ಮುಖ ಸಣ್ಣದಾದದ್ದು ನೋಡಿ ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ ಎನಿಸಿತು. ಇದನ್ನು ಸರಿಮಾಡಿಸಲು ಎಷ್ಟಾಗುತ್ತದೆ ಎಂದು ನಿಮ್ಮ ತಂದೆಯನ್ನು ಕೇಳು ಎಂದಳು.

ಅಪ್ಪನಿಗೆ ಇಂಗ್ಲಿಷಿನಲ್ಲಿ ನಟ್ಟು, ಬೋಲ್ಟು, ಸ್ಪ್ರಿಂಗು, ಬೇರಿಂಗು ಎಲ್ಲ ಬರುತ್ತದೆ. ಅವುಗಳ ಮಧ್ಯೆ ಬರುವ ಮಾತುಗಳು ಬರುವುದಿಲ್ಲ. ಆದ್ದರಿಂದ ನಾನೇ ದುಭಾಷಿ. ಅಪ್ಪ ಗೇಣು ಹಾಕಿ ನೆಲ ಅಳೆದರು. ಫಾರೆಸ್ಟ್ ಲೇಕ್ ಸುತ್ತಿನ ಗ್ಯಾರೇಜುಗಳಲ್ಲಿ ಗಂಟೆಗೆ ಎಷ್ಟು ಕೂಲಿ ಎಂದು ಬಂದ ವಾರದಲ್ಲೇ ರಘುವಿನಿಂದ ಬೋರ್ಡುಗಳನ್ನೆಲ್ಲ ಓದಿಸಿ ತಿಳಿದುಕೊಂಡಿದ್ದರು. ಮನಸ್ಸಿನಲ್ಲೇ ಕೂಡಿ, "ಹಲಗೆ, ಪೈಪು, ಎರಡು ದಿನದ ಕೂಲಿ. ಇಲ್ಲಿ ಲೆಕ್ಕದಲ್ಲಿ ಎರಡು ಸಾವಿರ ಆಗುತ್ತೆ ಅಂತ ಹೇಳಮ್ಮ" ಎಂದರು.

ನಾನು ಹೆಲೆನ್ ಕಡೆ ತಿರುಗಿದೆ. ಇಪ್ಪತ್ತಮೂರೂವರೆಯಲ್ಲಿ ಎರಡು ಕಳೆದರೆ ಇಪ್ಪತ್ತೊಂದೂವರೆ. ನಮ್ಮ ಹತ್ತಿರ ಅಷ್ಟಿಲ್ಲ. ಕಿಟಕಿ ಹೋಯಿತು, ಅಪ್ಪನ ಟೂರು ಮತ್ತೆ ಮುಂದಿನ ವರ್ಷಕ್ಕೆ ಹೋಯಿತು ಎಂದು ಮನಸ್ಸು ಹೇಳುತ್ತಿರುವಾಗಲೇ ನನ್ನ ಬಾಯಿ ತಾನಾಗಿಯೇ, "ನಾಲ್ಕು ಸಾವಿರ ಆಗಬಹುದಂತೆ" ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟಿತು.

ಮನೆಯಲ್ಲಿ ಕನ್ನಡದ ಒಂದು ಮಾತೂ ಆಡದ, ಎಷ್ಟು ಬೇಡಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನನ್ನ ಹನ್ನೆರಡು ವರ್ಷದ ಮಗಳು ತಲೆಯೆತ್ತಿ, "ನೋ ಮಮ್, ತಾತ ಸೆಡ್ ಟೂ," ಎಂದಳು.

ಅಪ್ಪನಿಗೆ ಟೂ, ಫೋರ್ ಗೊತ್ತಾಗದೇ ಇರುತ್ತದೆಯೇ. "ಎರಡು ಅಂದೆನಲ್ಲಮ್ಮ ನಾನು" ಎಂದರು ಮೆಲ್ಲಗೆ. ರಘು ಗ್ಯಾಸ್ ಒಲೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವಳಂತೆ ನಾನು ನುಂಗಲೂ ಆಗದೆ ಉಗುಳಲೂ ಆಗದೆ ನಿಂತೆ.

ಹೆಲೆನ್ ನನ್ನನ್ನು ನೋಡಿದಳು, ದಿಯಾಳನ್ನು ನೋಡಿದಳು, ಆಮೇಲೆ ಮೊಣಕಾಲು ಹಿಡಿದುಕೊಂಡು ಬೆಂಚಿನ ಮೇಲೆ ಕೂತು ಜೋರಾಗಿ ನಗತೊಡಗಿದಳು. ನನ್ನ ಗಂಡನೂ ಹೀಗೆಯೇ, ಆದರೆ ಅವನು ದೋಣಿಯ ಬೆಲೆಯನ್ನು ನನಗೆ ಯಾವಾಗಲೂ ಅರ್ಧ ಮಾಡಿ ಹೇಳುತ್ತಾನೆ ಎಂದಳು. ನಗು ನಿಂತ ಮೇಲೆ, "ಸರಿ ಡಾರ್ಲ್, ಈಗ ನೀನೇ ಹೇಳು. ಇದಕ್ಕೆ ಸರಿಯಾದ ಬೆಲೆ ಎಷ್ಟು?" ಎಂದಳು.

ಇಂಥ ಪ್ರಶ್ನೆ ನನಗೆ ಯಾರೂ ಕೇಳಿರಲಿಲ್ಲ. ಪಾತ್ರೆಯವಳು ಕೇಳಿದ್ದರೆ ಅಮ್ಮನೂ ತಬ್ಬಿಬ್ಬಾಗುತ್ತಿದ್ದಳೇನೋ. ಸುಳ್ಳು ಹೇಳಲು ಮುಖವಿರಲಿಲ್ಲ, ಹಾಗಾಗಿ ನಿಜವನ್ನೇ ಹೇಳಿದೆ. ರಘು ಮಾಡಿದ ಪಟ್ಟಿಯನ್ನು ಫೋನಿನಲ್ಲಿ ತೋರಿಸಿ, ಇದೇ ವಯಸ್ಸಿನ, ನೆಲ ಗಟ್ಟಿಯಿರುವವು ಇಪ್ಪತ್ತೆರಡಕ್ಕೆ ಹೋಗುತ್ತಿವೆ. ಎರಡು ಕಳೆದರೆ ಇಪ್ಪತ್ತು. ನಮ್ಮ ಹತ್ತಿರ ಇರುವುದೂ ಅಷ್ಟೇ. ಅಪ್ಪ ಇನ್ನು ನಾಲ್ಕು ವಾರಕ್ಕೆ ವಾಪಸು ಹೋಗುತ್ತಾರೆ, ಅವರನ್ನು ಒಮ್ಮೆಯಾದರೂ ಸುತ್ತಿಸಬೇಕು ಎಂದೆ. ಹೆಲೆನ್ ಪಟ್ಟಿಯನ್ನು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಓದಿದಳು. "ಹಾಗಾದರೆ ಇಪ್ಪತ್ತು," ಎಂದು ಕೈ ಚಾಚಿದಳು. ಸೇಫ್ಟಿ ಸರ್ಟಿಫಿಕೇಟು, ಗ್ಯಾಸಿನ ಸರ್ಟಿಫಿಕೇಟು ಎಲ್ಲ ತಾನೇ ಮಾಡಿಸಿಕೊಡುವೆನೆಂದಳು. ಬುಟ್ಟಿ ಹೊತ್ತು ಹೋಗುವುದಿಲ್ಲ, ಬಾಗಿಲು ಹಾಕುವುದಿಲ್ಲ, ನಡುವೆ ಕಾಫಿಯೂ ಇಲ್ಲ. ಸಂತೋಷವೇನೋ ಉಕ್ಕಿ ಬಂತು, ಜೊತೆಗೆ ಆಡದೇ ಗೆದ್ದ ಆಟದ ಒಂದು ಸಣ್ಣ ಬೇಜಾರು.

ವಾಪಸು ಬರುವಾಗ ಕಾರಿನಲ್ಲಿ ದಿಯಾ, "ಮಮ್, ವಾಸ್ ದಟ್ ಲೈಯಿಂಗ್ ಆರ್ ಬಾರ್ಗೇನಿಂಗ್?" ಎಂದು ಕೇಳಿದಳು. ಅಪ್ಪನಿಗೆ ಪ್ರಶ್ನೆಯ ಧಾಟಿಯಲ್ಲೇ ಅರ್ಥವಾಯಿತು. "ರೇಟಲ್ಲಿ ಎಷ್ಟು ಬೇಕಾದ್ರೂ ಆಟ ಆಡ್ಬೋದು ಮರಿ, ರಿಪೇರಿಲಿ ಆಡ್ಬಾರ್ದು" ಎಂದರು. ಮೂವತ್ತೈದು ವರ್ಷ ದುಡಿದ ಡಿಪೋದ ಬಗ್ಗೆ ಅಪ್ಪ ನಮಗೆ ಹೇಳಿದ ಮಾತುಗಳಲ್ಲಿ ಇದೇ ಉದ್ದವಾದದ್ದು.

ಅಮ್ಮನಿಗೆ ಫೋನು ಮಾಡಿ ತಿಳಿಸಿದೆ. ಹಿಂದಿನಿಂದ ಮಗುವಿನ ಅಳು, ಅಮ್ಮನ ಕೈಯಲ್ಲಿ ಎಣ್ಣೆ ಬಟ್ಟಲು. "ಎಷ್ಟು ಹೊತ್ತು ಮಾತಾಡಿದೆ?" ಎಂದಳು. ಒಂದೇ ಮಾತಿಗೆ ಹೆಲೆನ್ ಒಪ್ಪಿಬಿಟ್ಟಳಮ್ಮ ಎಂದೆ. "ಒಂದೇ ಮಾತಿಗಾ? ಹಾಗಾದ್ರೆ ಜಾಸ್ತಿ ಕೊಟ್ಟು ಬಂದಿದೀಯ" ಎಂದು ಫೋನಿಟ್ಟಳು.

ಮುಂದಿನ ಎರಡು ವಾರ ನಮ್ಮ ಮನೆಯ ಮುಂದೆ ಅಪ್ಪನದೇ ಡಿಪೋ. ರಘು ಸಹಾಯಕ, ಸ್ಕ್ರೂ ಹಿಡಿದುಕೊಂಡಿರು ಎಂದರೆ ಸಂಜೆಯವರೆಗೂ ಹಿಡಿದುಕೊಂಡಿರುತ್ತಿದ್ದ. ಕೊಳೆತದ್ದನ್ನು ಕೊಯ್ದು ತೆಗೆದು, ಹೊಸ ಹಲಗೆ ಕೂರಿಸಿ, ಪೈಪಿನ ಕೀಲು ಬದಲಿಸಿ, ಅಪ್ಪ ಅದರ ಮೇಲೆ ಬರಿಗಾಲಲ್ಲಿ ಹತ್ತು ಸಲ ನಡೆದು ಪಾಸು ಮಾಡಿದರು. ರಜಾ ಬಂದ ಶನಿವಾರ ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟು, ಅಡಿಲೇಡಿನ ವಿಲ್ಸನ್ ಮನೆಗೆಂದು ಹೊರಟೆವು. ಅಪ್ಪನಿಗೆ ಕ್ಯಾರವಾನಿನೊಳಗೇ ಕೂತು ಬರುವ ಆಸೆ. ಎಳೆಯುವಾಗ ಒಳಗೆ ಜನ ಇರಬಾರದೆಂಬುದು ಇಲ್ಲಿಯ ಕಾನೂನು ಎಂದು ಅವರನ್ನು ರಘುವಿನ ಪಕ್ಕ ಮುಂದಿನ ಸೀಟಿನಲ್ಲಿ ಕೂರಿಸಿದೆವು.

ಕೂತರು, ಆದರೆ ಅಪ್ಪ ಟೂರಿಗೆ ಬಂದಿರಲಿಲ್ಲ, ಡ್ಯೂಟಿಗೆ ಬಂದಿದ್ದರು. ಎರಡೂ ಕಡೆ ನಾವು ಕಾಂಗರೂ ತೋರಿಸಿದರೆ, "ಹ್ಞೂಂ, ಹ್ಞೂಂ" ಎನ್ನುತ್ತ ಕಿವಿಯನ್ನು ಹಿಂದಿನ ಗಾಲಿಗೆ ಕೊಟ್ಟಿರುತ್ತಿದ್ದರು. ಗಂಟೆಗೊಮ್ಮೆ ನಿಲ್ಲಿಸಬೇಕು, ಇಳಿದು ನಾಲ್ಕೂ ಗಾಲಿಯ ನಡುವಿನ ಗುಂಬಕ್ಕೆ ಮುಂಗೈ ತಾಗಿಸಿ ಬಿಸಿ ನೋಡಬೇಕು. ಮೊದಲ ದಿನ ಹೀಗೆ, ಎರಡನೆಯ ದಿನವೂ ಹೀಗೆಯೇ. ಇವರಿಗೆ ಟೂರು ಮಾಡಿಸುವುದು ನನ್ನ ಹಣೆಯಲ್ಲಿ ಬರೆದಿಲ್ಲ ಎಂದುಕೊಂಡೆ.

ಮೂರನೆಯ ದಿನ ಮಧ್ಯಾಹ್ನ ರಸ್ತೆ ನೆಟ್ಟಗೆ, ಎರಡೂ ಕಡೆ ಒಣ ಹುಲ್ಲು, ಹೊಟ್ಟೆ ತುಂಬ ಅನ್ನ ಸಾರು. ನಾವು ಎರಡು ದಿನದಿಂದ ಕಾಯುತ್ತಿದ್ದ ಬೆಟ್ಟದ ಲುಕ್‌ಔಟಿಗೆ ಬಲಕ್ಕೆ ತಿರುಗಿ ಎಂಬ ಬೋರ್ಡು ಬಂತು. ರಘು ವೇಗ ಇಳಿಸಿದ. "ಅಪ್ಪ, ಬೆಟ್ಟ ಬಂತು" ಎಂದು ನಾನು ಹಿಂದಿನ ಸೀಟಿನಿಂದ ಬಗ್ಗಿದೆ. ಅಪ್ಪನ ತಲೆ ಕಿಟಕಿಗೆ ಒರಗಿತ್ತು. ಸ್ವಲ್ಪ ತೆರೆದ ಬಾಯಿಂದ ಸಣ್ಣಗೆ ಗೊರಕೆ ಬರುತ್ತಿತ್ತು. ಕೈಗಳೆರಡೂ ತೊಡೆಯ ಮೇಲೆ ಸಡಿಲವಾಗಿ ಬಿದ್ದಿದ್ದವು. ನನಗೆ ಬುದ್ಧಿ ಬಂದಾಗಿನಿಂದ ಅಪ್ಪ ಓಡುವ ಗಾಡಿಯಲ್ಲಿ ಕಣ್ಣು ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ. ಅವರಿಗೆ ಯಾವಾಗಲೂ ಏನಾದರೊಂದು ಸದ್ದು ಕೇಳಿಸುತ್ತಿತ್ತು.

"ತಿರುಗಿಸ್ಲಾ?" ಎಂದು ರಘು ಪಿಸುಗುಟ್ಟಿದ.

"ಬೇಡ," ಎಂದೆ. "ಓಡಿಸ್ತಾ ಇರು."

ಬೆಟ್ಟ ಬಲಗಡೆಯಿಂದ ಹಿಂದಕ್ಕೆ ಹೋಯಿತು. ದಿಯಾ ಮಾತ್ರ ತಿರುಗಿ ನೋಡಿದಳು.